ಬಾನೆಟ್ ಎತ್ತಬೇಡಿ, ಕಿಡಿಯಕ್ಕ ರೇಗುತ್ತಾರೆ

"ಮುಟ್ಬೇಡ! ಬಾನೆಟ್‌ಗೆ ಕೈ ಹಾಕಿದ್ರೆ ನೋಡು!"

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎದುರಿನ ಗೋದಾಮಿನ ತಗಡಿನ ಮಾಡು ಈಗಷ್ಟೇ ಕೆಂಪಾಗುತ್ತಿದೆ. ಬೀದಿಯ ಕೊನೆಯ ಶೆಡ್ಡಿನ ಮುಂದೆ ಕಾರು ನಿಲ್ಲಿಸಿದ ಟ್ಯಾಕ್ಸಿ ಚಾಲಕ, ಎಲ್ಲರೂ ಮಾಡುವ ಹಾಗೆ, ಇಳಿದವನೇ ಬಾನೆಟ್ ಎತ್ತಲು ಹೋಗಿದ್ದಾನೆ. ಗದರಿಕೆ ಕಿವಿಗೆ ಬಿದ್ದದ್ದೇ ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂದೆಳೆದುಕೊಳ್ಳುತ್ತಾನೆ. ಒಳಗಿನಿಂದ ಕಿಡಿಯಕ್ಕ ಹೊರಬರುತ್ತಾರೆ. ತಲೆಗೆ ಬಿಗಿದು ಕಟ್ಟಿದ ಬಟ್ಟೆ, ಬ್ಯಾಟರಿಯ ಆಸಿಡ್ ಸಿಡಿದು ತೂತುಬಿದ್ದ ನೀಲಿ ಅಂಗಿ, ಕೊರಳಿಗೆ ಸುತ್ತಿಕೊಂಡ ಟೆಸ್ಟ್ ಲ್ಯಾಂಪಿನ ವೈರು.

"ಗಾಡಿ ಓಡೋವಾಗ ಬಾನೆಟ್ ಎತ್ಕೊಂಡೇ ಓಡಿಸ್ತೀಯಾ?"

"ಇಲ್ಲ ಅಕ್ಕ."

"ಮತ್ತೆ? ಹೋಗಿ ಸೀಟಲ್ಲಿ ಕೂತ್ಕೋ. ಏನಾಗಿದೆ ಅಂತ ಮೊದ್ಲು ಬಾಯಲ್ಲಿ ಹೇಳು."

ಮುಂದಿನ ಗಾಜಿಗೆ ನೀರು ಚಿಮ್ಮುತ್ತಿಲ್ಲ. ವೈಪರ್ ಆಡುತ್ತದೆ, ನೀರಿಲ್ಲ. ಪಂಪ್ ಸತ್ತಿದೆ ಎಂದು ಯಾರೋ ಸ್ನೇಹಿತ ಹೇಳಿದನಂತೆ, ಇವನು ಹಿಂದೆಮುಂದೆ ನೋಡದೆ ಹೊಸ ಪಂಪನ್ನೇ ಕೊಂಡು ತಂದಿದ್ದಾನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಕಿಡಿಯಕ್ಕ ಆ ಡಬ್ಬಿಯನ್ನು ನೋಡಿಯೂ ನೋಡದವರಂತೆ ಪಕ್ಕದ ಸೀಟಿನಲ್ಲಿ ಕೂತು, ಎಂಜಿನ್ ಶುರು ಮಾಡದೆ ಬರೀ ಕೀ ತಿರುಗಿಸಲು ಹೇಳುತ್ತಾರೆ. ಗಾಜಿಗೆ ನೀರು ಚಿಮ್ಮಿಸುವ ಲಿವರ್ ಎಳೆಸುತ್ತಾರೆ. ಕಣ್ಣುಮುಚ್ಚಿ ಕೇಳುತ್ತಾರೆ. ಪಂಪಿನಿಂದ ಸದ್ದು ಬಂದರೆ ಕರೆಂಟ್ ತಲುಪಿದೆ, ತೊಂದರೆ ನೀರಿನ ದಾರಿಯಲ್ಲಿ. ಸದ್ದೇ ಬರದಿದ್ದರೆ ಫ್ಯೂಸಿನಿಂದ ಶುರುಮಾಡಿ ಕರೆಂಟಿನ ದಾರಿ ಹಿಡಿಯಬೇಕು. ಈ ಕಾರಿನಲ್ಲಿ ಸದ್ದಿಲ್ಲ. ಫ್ಯೂಸ್ ನೆಟ್ಟಗಿದೆ. ಈಗ ಮಾತ್ರ ಬಾನೆಟ್ ಎತ್ತಲು ಅಪ್ಪಣೆ ಸಿಗುತ್ತದೆ. ಟ್ಯಾಂಕಿನ ಬುಡದಲ್ಲಿರುವ ಪಂಪಿನ ಪ್ಲಗ್ ಕಳಚಿ ನೋಡಿದರೆ ಒಳಗೆಲ್ಲ ಹಸಿರು ಕಿಲುಬು. ಸಣ್ಣ ಅರದಿಂದ ಉಜ್ಜಿ ಮತ್ತೆ ಸಿಕ್ಕಿಸುತ್ತಾರೆ. ಪಂಪ್ ಗುಂಯ್‌ಗುಡುತ್ತದೆ. ಬಾನೆಟ್ ಮುಚ್ಚಿಸಿ ಇನ್ನೊಮ್ಮೆ ಎಳೆಸುತ್ತಾರೆ. ಗಾಜಿನ ಮೇಲೆ ಎರಡು ಕಡೆಯಿಂದ ನೀರು ಹಾರುತ್ತದೆ.

"ಡಬ್ಬಿ ವಾಪಸ್ ಕೊಟ್ಬಿಡು. ಸಾಯದೇ ಇರೋರಿಗೆಲ್ಲ ಹೆಣದ ಪೆಟ್ಟಿಗೆ ತರಬಾರ್ದು."

ಕಿಡಿಯಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ. ವೈರು ಮುಟ್ಟಿದರೆ ಕಿಡಿ, ಇವರನ್ನು ಮುಟ್ಟಿದರೂ ಕಿಡಿ ಎಂದು ಪಕ್ಕದ ಟೈರಿನಂಗಡಿಯವನು ತಮಾಷೆಗೆ ಕರೆದದ್ದು ಅಂಟಿಕೊಂಡಿತು. ವಯಸ್ಸು ಐವತ್ತರ ಆಸುಪಾಸು. ಡೈನಮೋ ರಿಪೇರಿ ಮಾಡುತ್ತಿದ್ದ ಸೋದರಮಾವನ ಪಕ್ಕ ಕೂತು, ಅವರಿಗೆ ಬೆಳಕು ಹಿಡಿಯುತ್ತ ಹಿಡಿಯುತ್ತ ಕಲಿತ ಕಸುಬು. ಮಾವ ತೀರಿಕೊಂಡಾಗ ಅವರ ಗಂಡುಮಕ್ಕಳಿಗೆ ಶೆಡ್ಡು ಬೇಡವಾಗಿತ್ತು, ಇವರಿಗೆ ಬೇಕಾಗಿತ್ತು. ಗಂಡ ಟೈಲರ್, ಬೈದರೂ ತಲೆ ಎತ್ತದೆ ಕಾಜ ಹಾಕುತ್ತ ಕೂರುವ ಮನುಷ್ಯ. ಮನೆಗೆ ಬರಬೇಕಾದ ಸಿಟ್ಟಿನಲ್ಲಿ ಅವರ ಪಾಲೂ ಇವರಿಗೇ ಬಂದಿದೆ ಎಂದು ನೆಂಟರು ನಗುತ್ತಾರೆ.

ದಿನಕ್ಕೆ ಏಳೆಂಟು ಗಾಡಿ ಬರುತ್ತವೆ. ಮಳೆಗಾಲದಲ್ಲಿ ಹತ್ತು ದಾಟುತ್ತದೆ. ಬಹುತೇಕ ದೀಪ, ಹಾರ್ನ್, ಸ್ಟಾರ್ಟರ್, ವೈಪರ್. ಮಂಡಿ ನೆಲಕ್ಕೂರಿ ಊರಿ ಗಂಟುಕಟ್ಟಿದೆ. ಬಲಗೈಯ ಎರಡು ಬೆರಳಿಗೆ ಬಿಸಿ ತಂಪು ತಿಳಿಯುವುದಿಲ್ಲ. ಇವನ್ನೆಲ್ಲ ಅವರು ಕಷ್ಟ ಎಂದು ಎಣಿಸುವುದೇ ಇಲ್ಲ. ಹೊಸದಾಗಿ ಬಂದ ಗಿರಾಕಿಗಳು ಇವರ ತಲೆಯ ಮೇಲಿಂದ ಶೆಡ್ಡಿನೊಳಗೆ ಇಣುಕಿ "ಯಜಮಾನ್ರು ಇಲ್ವಾ?" ಎಂದು ಕೇಳುವುದಿದೆಯಲ್ಲ, ಅದು ಮಾತ್ರ ಇಷ್ಟು ವರ್ಷವಾದರೂ ಚುಚ್ಚುತ್ತದೆ.

"ಯಜಮಾನ್ರು ಮನೇಲಿ ಪ್ಯಾಂಟು ಹೊಲೀತಿದಾರೆ, ಕರೀಲಾ ಅಂತೀನಿ. ನಕ್ಕರೆ ಗಾಡಿ ನೋಡ್ತೀನಿ. ನಗ್ಲಿಲ್ಲ ಅಂದ್ರೆ ಮುಂದಿನ ಶೆಡ್ಡು ತೋರಿಸ್ತೀನಿ."

ಆದರೆ ಬಾನೆಟ್ ಮುಟ್ಟಿದವರ ಮೇಲೆ ಹಾಯುವ ಈ ಸಿಟ್ಟು ಮಾವನ ಕಾಲದ್ದಲ್ಲ. ಇದು ಈಚಿನದು. ಇದರ ಬುಡದಲ್ಲಿ ಅವರ ಮೈದುನನಿದ್ದಾನೆ.

ಕಿಡಿಯಕ್ಕ ಸೊಸೆಯಾಗಿ ಬಂದಾಗ ಮೈದುನ ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗ. ತಟ್ಟೆಗೆ ಬಡಿಸಿ, ತಲೆ ಬಾಚಿ, ಪರೀಕ್ಷೆಯಲ್ಲಿ ನಪಾಸಾದಾಗ ಅಣ್ಣನ ಎದುರು ಅಡ್ಡ ನಿಂತು ಬೆಳೆಸಿದ್ದು ಇವರೇ. ಬೆಳೆದು ಡ್ರೈವರಾದ. ಕಾರ್ಖಾನೆಯ ಕೆಲಸಗಾರರನ್ನು ಸಾಗಿಸುವ ಒಂದು ಕಂಪನಿಯ ವ್ಯಾನ್ ಓಡಿಸುತ್ತಿದ್ದ. ಒಮ್ಮೆ ಕಂಪನಿಯ ಗೇಟೇ ಬಡಿದು ಅವನ ವ್ಯಾನಿನ ಬಾನೆಟ್ ಜಜ್ಜಿತು. ಟಿಂಕರ್ ಕೆಲಸ ಮುಗಿಸಿ ಕಂಪನಿಯ ಗ್ಯಾರೇಜಿನವರು ಬಾನೆಟ್ ಮತ್ತೆ ಕೂರಿಸಿದರು. ಅಂದಿನಿಂದ ಗಾಜಿಗೆ ನೀರು ಬರುವುದು ನಿಂತಿತು.

ಅವನು ಹೇಳಿದ. ಗ್ಯಾರೇಜಿನ ಫೋರ್‌ಮನ್ ಬಾನೆಟ್ ಎತ್ತಿಸಿ ನೋಡಿದರೆ ನೀರು ಬರುತ್ತಿತ್ತು. ಆದರೂ ಇರಲಿ ಎಂದು ಪಂಪ್ ಬದಲಾಯಿಸಿದರು. ರಸ್ತೆಗಿಳಿದರೆ ಮತ್ತೆ ಅದೇ ಕಥೆ. ಮತ್ತೆ ಹೇಳಿದ. ಮತ್ತೆ ಎತ್ತಿ ನೋಡಿದರು, ಮತ್ತೆ ನೀರು ಬಂತು. ಮೂರನೆಯ ಸಲ ಫೋರ್‌ಮನ್ ಅಂಗಳದಲ್ಲಿ ಉಳಿದ ಡ್ರೈವರುಗಳೆಲ್ಲ ಕೇಳುವಂತೆ, "ಬೆಳಗ್ಗೆ ಬೇಗ ಹೊರಡೋಕೆ ಮೈ ಬಗ್ಗಲ್ಲ, ಅದಕ್ಕೆ ದಿನಾ ಒಂದು ನೆಪ," ಎಂದ.

ಮೈದುನ ಕೊನೆಗೆ ವ್ಯಾನನ್ನು ಅತ್ತಿಗೆಯ ಶೆಡ್ಡಿಗೆ ತಂದ. ಬೇರೆ ಯಾರೂ ನಂಬದಿದ್ದರೂ ಅತ್ತಿಗೆ ನಂಬುತ್ತಾರೆ ಎಂದು ಬಂದ. ಅವನು ಸೀಟಿನಿಂದ ಇಳಿಯುವುದರೊಳಗೆ ಅತ್ತಿಗೆಯ ಕೈ ಬಾನೆಟ್ ಎತ್ತಿಯಾಗಿತ್ತು. ಈ ಕಸುಬಿನವರ ಕೈಯೇ ಹಾಗೆ, ಗಾಡಿ ಎದುರಿಗೆ ಬಂದು ನಿಂತರೆ ಅದು ಬಾನೆಟ್ಟಿಗೇ ಹೋಗುತ್ತದೆ. "ಎಳಿ" ಎಂದರು. ಎಳೆದ. ಗಾಜಿನ ಬುಡಕ್ಕೆ ನೀರು ಚಿಮ್ಮಿತು.

"ಓಡ್ಸೋವಾಗ ಬರಲ್ಲ ಅತ್ತಿಗೆ," ಎಂದ ಅವನು.

ಅಂದು ಶೆಡ್ಡಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಕೆಲಸ ಮೈಮೇಲೆ ಬಿದ್ದಿತ್ತು. ಕಿಡಿಯಕ್ಕನ ಬಾಯಿಂದ ಬಂದ ಮಾತನ್ನು ಅವರೇ ಈಗ ನನ್ನೆದುರು ಹೇಳುತ್ತಾರೆ, ಮುಚ್ಚಿಡದೆ: "ನಿಂತಿರೋವಾಗ ಬಂದು ಓಡೋವಾಗ ಬರ್ದೇ ಇರೋಕೆ ನೀರಿಗೇನು ನಿನ್ನ ಹಾಗೆ ಸೋಮಾರಿತನ ಬಂದಿದೆಯಾ? ಟ್ಯಾಂಕ್ ತುಂಬ್ಸು ಹೋಗು, ಅತ್ತಿಗೆ ಮುಂದೆ ನಾಟಕ ಆಡ್ಬೇಡ ಅಂದೆ. ಎಲ್ಲರೂ ನಕ್ಕರು. ಅವನು ಸುಮ್ನೆ ಗಾಡಿ ತಗೊಂಡು ಹೋದ."

ವಾರ ಕಳೆಯಲಿಲ್ಲ. ಬೆಳಗಿನ ಎಳೆಬಿಸಿಲು ಕಣ್ಣಿಗೇ ಹೊಡೆಯುವ ಹೊತ್ತು, ಮುಂದಿದ್ದ ಲಾರಿಯೊಂದು ಗುಂಡಿಯ ಕೆಸರನ್ನು ಎತ್ತಿ ಗಾಜಿನ ತುಂಬ ಎರಚಿತು. ಮೈದುನ ಲಿವರ್ ಎಳೆದ. ನೀರಿಲ್ಲ. ಒಣ ವೈಪರ್ ಕೆಸರನ್ನು ಗಾಜಿಗೆಲ್ಲ ಬಳಿಯಿತು. ಬ್ರೇಕ್ ಒತ್ತುತ್ತ ಬದಿಗೆ ತಂದಾಗ ಬದಿಯಲ್ಲಿ ಹಣ್ಣಿನ ಕೈಗಾಡಿ ಇತ್ತು, ಅದರ ಹಿಂದೆ ಅದನ್ನು ತಳ್ಳುವ ಮನುಷ್ಯನಿದ್ದ. ಜೀವ ಉಳಿಯಿತು, ಕಾಲು ಎರಡು ಕಡೆ ಮುರಿಯಿತು.

ಕಂಪನಿಯವರು ವ್ಯಾನನ್ನು ಎಳೆದು ತಂದು ಪರೀಕ್ಷೆ ಮಾಡಿದರು. ಹೇಗೆ? ಬಾನೆಟ್ ಎತ್ತಿ. ನೀರು ಬಂತು. ಪಂಪ್ ಚೆನ್ನಾಗಿದೆ, ತಪ್ಪು ಡ್ರೈವರನದು ಎಂದು ಅವನ ತಲೆಗೆ ಗೂಬೆ ಕೂರಿಸಿ ಕೆಲಸದಿಂದ ತೆಗೆದರು. ಅವನು ಅತ್ತಿಗೆಯ ಮನೆಗೆ ಬರುವುದನ್ನೂ ಬಿಟ್ಟ. ಬೇರೆ ಎಲ್ಲಿ ಕೆಲಸ ಕೇಳಿದರೂ, ಮುಂದೆ ನೋಡದೆ ಮನುಷ್ಯನಿಗೆ ಗುದ್ದಿದವನು ಎಂಬ ಮಾತು ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತಿತ್ತು.

ಎರಡು ತಿಂಗಳ ಮೇಲೆ ಟೀಚರಮ್ಮ ಒಬ್ಬರ ಹಳೆಯ ಕಾರು ಶೆಡ್ಡಿಗೆ ಬಂತು. ಅದೇ ದೂರು. ಕಿಡಿಯಕ್ಕ ಬಾನೆಟ್ ಎತ್ತಿದರು, ನೀರು ಬಂತು, ಏನೂ ಆಗಿಲ್ಲ ಹೋಗಿ ಎಂದು ಮುಚ್ಚಿದರು. ಟೀಚರಮ್ಮ ಹೊರಡುವ ಮುಂಚೆ ತಮ್ಮ ಸಮಾಧಾನಕ್ಕೆ ಇನ್ನೊಂದು ಸಲ ಲಿವರ್ ಎಳೆದರು. ಪಂಪ್ ಗುಂಯ್ ಅಂದಿತು, ಹನಿ ನೀರಿಲ್ಲ. ಎತ್ತಿದರೆ ಬಂತು. ಮುಚ್ಚಿದರೆ ನಿಂತಿತು. ಟ್ಯಾಂಕಿನಿಂದ ನೀರು ತರುವ ಸಣ್ಣ ರಬ್ಬರ್ ಪೈಪು ಬಾನೆಟ್ಟಿನ ಕೀಲಿನ ಹತ್ತಿರ ಹಾದು ಮೇಲೆ ನೀರು ಚಿಮ್ಮುವ ತೂತುಗಳಿಗೆ ಹೋಗುತ್ತದೆ. ಯಾರೋ ಅಳತೆಗಿಂತ ಉದ್ದದ ಪೈಪು ಹಾಕಿದ್ದರು. ಬಾನೆಟ್ ಎತ್ತಿದಾಗ ಪೈಪು ನೆಟ್ಟಗಾಗುತ್ತಿತ್ತು, ಮುಚ್ಚಿದಾಗ ಕೀಲಿನಲ್ಲಿ ಮಡಚಿಕೊಂಡು ನೀರಿನ ಕತ್ತು ಹಿಸುಕುತ್ತಿತ್ತು.

"ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ," ಎನ್ನುತ್ತಾರೆ ಕಿಡಿಯಕ್ಕ. "ಟೀಚರಮ್ಮ ಹೆದರಿ ನೀರು ಕುಡಿಸಿದ್ರು. ಬಾನೆಟ್ ತೆಗೆದು ಹಾಕಿದ್ಮೇಲೆ ಶುರುವಾದ ತೊಂದ್ರೆ ಅಂತ ನನ್ನ ಮೈದುನ ಬಾಯಿಬಿಟ್ಟು ಹೇಳಿದ್ದ. ಓಡ್ಸೋವಾಗ ಬರಲ್ಲ ಅಂತಾನೂ ಹೇಳಿದ್ದ. ಇನ್ನೇನು ಹೇಳ್ಬೇಕಿತ್ತು ಅವನು? ರೋಗಿ ಎಲ್ಲಾ ಹೇಳಿದ, ಡಾಕ್ಟ್ರು ಕಿವಿಗೆ ಹತ್ತಿ ಇಟ್ಕೊಂಡಿದ್ಲು."

ಆ ಸಂಜೆಯೇ ಮೈದುನನ ಬಾಡಿಗೆ ಕೋಣೆಗೆ ಹೋದರು. ಅವನು ಬಾಗಿಲು ತೆಗೆದ, ಒಳಗೆ ಕರೆಯಲಿಲ್ಲ. ವಿಷಯ ಕೇಳಿ ಒಂದೇ ಮಾತು ಹೇಳಿದ: "ನನ್ನ ಹತ್ರ ಹೇಳಿ ಏನು ಪ್ರಯೋಜನ ಅತ್ತಿಗೆ? ನಾನು ಹೇಳಿದ್ದು ನಿಜ ಅಂತ ನಂಗೆ ಮೊದ್ಲೇ ಗೊತ್ತಿತ್ತು."

ಮಾತು ನಾಟಿತು. ಕಿಡಿಯಕ್ಕ ಕಂಪನಿಯ ಗ್ಯಾರೇಜಿಗೆ ಹೋದರು. ಫೋರ್‌ಮನ್ ವ್ಯಾನಿನ ಹತ್ತಿರಕ್ಕೂ ಬಿಡಲಿಲ್ಲ. ಇನ್ನೊಮ್ಮೆ ಹೋದರು, ಗೇಟಿನವನೇ ವಾಪಸು ಕಳಿಸಿದ. ಬಡವನ ಕೋಪ ದವಡೆಗೆ ಮೂಲ ಎಂದು ಗಂಡ ಮೆಲ್ಲಗೆ ಎಚ್ಚರಿಸಿದರು. "ನನ್ನ ದವಡೆ ಗಟ್ಟಿಯಿದೆ, ನೀವು ಹೊಲೀರಿ," ಎಂದು ಹೇಳಿ, ಮಾರನೆಯ ದಿನ ವ್ಯಾನುಗಳು ಹೊರಡುವ ಹೊತ್ತಿಗೆ ಸರಿಯಾಗಿ ಮೈದುನನ ಕೈ ಹಿಡಿದುಕೊಂಡೇ ಹೋದರು. ಮಾಲೀಕರು ಅಂಗಳಕ್ಕೆ ಬರುವುದು ಅದೊಂದೇ ಹೊತ್ತಿನಲ್ಲಿ. ಆಗ ಗೇಟೂ ತೆರೆದಿರುತ್ತದೆ.

ಕಿಡಿಯಕ್ಕನಿಗೆ ಮೊದಲು ಕಂಡದ್ದು ಅದೇ ವ್ಯಾನ್. ಹಣ್ಣಿನವನ ಕಾಲು ಮುರಿದ ಆ ವ್ಯಾನಿಗೆ ಬಣ್ಣ ಬಳಿದು, ಒಂದು ದಿನವೂ ಬಿಡದೆ ಓಡಿಸುತ್ತಿದ್ದರು. ಊಟದ ಡಬ್ಬಿ ಹಿಡಿದ ಕೆಲಸಗಾರರು ಹತ್ತುತ್ತಿದ್ದರು. ಹೊಸ ಡ್ರೈವರ್ ಕಿಟಕಿಯಿಂದ ಕೈ ಹೊರಚಾಚಿ, ಮುಚ್ಚಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಬಾಟಲಿಯಿಂದ ಗಾಜಿನ ಮೇಲೆ ನೀರು ಹಿಂಡುತ್ತಿದ್ದ.

"ಇದೇನೋ?" ಎಂದು ಕೇಳಿದರು.

"ಪಂಪಿಂದ ನೀರು ಬರಲ್ಲ ಅಕ್ಕ."

"ಗ್ಯಾರೇಜಲ್ಲಿ ಹೇಳ್ಲಿಲ್ವಾ?"

ಅವನು ಫೋರ್‌ಮನ್ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದ. "ಹೇಳ್ದೋರ ಗತಿ ನೋಡಿದೀವಲ್ಲ."

ಕಿಡಿಯಕ್ಕ ವ್ಯಾನಿನ ಎದುರು ಹೋಗಿ ನಿಂತರು. ಹಿಂದಿನ ವ್ಯಾನುಗಳು ಹಾರ್ನ್ ಹೊಡೆದವು. ಮಾಲೀಕರು ಬಂದರು, ಫೋರ್‌ಮನ್ ಓಡಿಬಂದ. ಏನು ಎತ್ತ ಎಂದು ಕೇಳುವ ಮೊದಲೇ ಫೋರ್‌ಮನ್ನಿನ ಕೈ ಬಾನೆಟ್ಟಿಗೆ ಹೋಯಿತು. ಕಿಡಿಯಕ್ಕ ಆ ಕೈಯನ್ನು ಫಟ್ಟನೆ ಹೊಡೆದು ತೆಗೆದರು.

"ಸೀಟಲ್ಲಿ ಕೂತ್ಕೊಳ್ಳಿ ಸ್ವಾಮಿ. ಅವನು ಕೂರ್ತಿದ್ದ ಜಾಗದಲ್ಲಿ. ನೀವೇ ಎಳೀರಿ."

ಮಾಲೀಕರು ಕಣ್ಸನ್ನೆ ಮಾಡಿದರು. ಫೋರ್‌ಮನ್ ಕೂತು ಎಳೆದ. ಪಂಪ್ ಗುಂಯ್‌ಗುಟ್ಟಿತು. ಗಾಜು ಒಣಗಿಯೇ ಇತ್ತು. ಕಿಡಿಯಕ್ಕ ಬಾನೆಟ್ ಎತ್ತಿದರು, ನೀರು ಹಾರಿತು. ಮುಚ್ಚಿದರು, ನಿಂತಿತು. ಎತ್ತಿದರು, ಹಾರಿತು. ಕೊನೆಗೆ ಕೀಲಿನಲ್ಲಿ ಮಡಚಿ ಮಡಚಿ ಬಿಳಿಗೆರೆ ಬಿದ್ದ ಪೈಪನ್ನು ಮಾಲೀಕರಿಗೆ ಬೆರಳಿಟ್ಟು ತೋರಿಸಿದರು. ಹಾರ್ನ್‌ಗಳು ನಿಂತಿದ್ದವು. ಡ್ರೈವರುಗಳೆಲ್ಲ ಇಳಿದು ಬಂದು ಸುತ್ತುಗಟ್ಟಿದ್ದರು.

ಆಮೇಲೆ ಅವರು ಮಾಡಿದ್ದು ಫೋರ್‌ಮನ್ನನ್ನು ಬೈಯುವ ಕೆಲಸವಲ್ಲ. ಮೈದುನನನ್ನು ಎಳೆದು ಮುಂದೆ ನಿಲ್ಲಿಸಿಕೊಂಡು, ಇಡೀ ಅಂಗಳಕ್ಕೆ ಕೇಳುವಂತೆ ಕೂಗಿ ಹೇಳಿದರು: "ಇವನು ನನ್ನ ಹತ್ರಾನೂ ಬಂದಿದ್ದ. ನಾನೂ ಬಾನೆಟ್ ಎತ್ತಿ ನೋಡ್ದೆ. ನಾಟಕ ಆಡ್ಬೇಡ ಅಂತ ನಾಲ್ಕು ಜನರ ಮುಂದೆ ಬೈದೆ. ಅವನು ಹೇಳಿದ್ದು ನಿಜ, ತಪ್ಪು ನಂದು. ನಾನು ಹೇಳಾಯ್ತು. ಈಗ ನೀವು ಹೇಳಿ."

ಫೋರ್‌ಮನ್ ಕರವಸ್ತ್ರದಿಂದ ಕೈ ಒರೆಸಿಕೊಂಡ. "ಒಂದು ಪೈಪ್ ಮಡಚಿದ್ದಕ್ಕೆ ಇಷ್ಟು ರಂಪಾನಾ?"

"ಪೈಪ್ ಹಾಕಿದ್ದು ನಿಮ್ಮ ಗ್ಯಾರೇಜು. ಕಾಲು ಮುರಿದಿದ್ದು ಆ ಹಣ್ಣಿನ ಅಣ್ಣಂದು. ಕೆಲ್ಸ ಹೋಗಿದ್ದು ನನ್ನ ಮೈದುನಂದು. ನಿಮ್ದೇನು ಹೋಯ್ತು ಹೇಳಿ ಸ್ವಾಮಿ? ಒಂದು ಮಾತು ಕೇಳ್ತಿದೀನಿ, ಅದೂ ಭಾರಾನಾ?"

ಅವನು ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡ. ಬಾಯಿ ಬಿಟ್ಟದ್ದು ಬೇರೆಯವರು. ಹಿಂದಿನ ಸಾಲಿನಿಂದ ಒಬ್ಬ, "ನನ್ನ ಗಾಡಿದು ಹ್ಯಾಂಡ್‌ಬ್ರೇಕ್ ಹಿಡಿಯಲ್ಲ ಸಾರ್, ಚಕ್ರಕ್ಕೆ ಕಲ್ಲು ಕೊಡ್ತಿದೀನಿ," ಎಂದ. ಇನ್ನೊಬ್ಬ ತನ್ನ ಹಿಂಬಾಗಿಲು ತಂತಿಯಲ್ಲಿ ಕಟ್ಟಿದ್ದೇನೆ ಎಂದ. ಮತ್ತೊಬ್ಬನ ಗಾಡಿಯಲ್ಲಿ ಎಡಗಡೆಯ ದೀಪ ಯಾವಾಗಲೋ ಸತ್ತಿತ್ತು. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಂದೊಂದಾಗಿ ಹೊರಬಿತ್ತು. ಮಾಲೀಕರ ಮುಖ ಸಣ್ಣದಾಯಿತು. ಡ್ರೈವರ್ ಸುಳ್ಳ ಎಂದು ಅಂಗಳದಲ್ಲಿ ಒಮ್ಮೆ ಸಾರಿದರೆ ಸಾಕು, ಮತ್ತೆ ಯಾವ ಡ್ರೈವರೂ ನಿಜ ಹೇಳುವುದಿಲ್ಲ. ಅಷ್ಟು ಜನ ಕೆಲಸಗಾರರು ದಿನಾ ಬೆಳಿಗ್ಗೆ ಹತ್ತಿ ಕೂರುತ್ತಿದ್ದದ್ದು ಅಂಥ ಗಾಡಿಗಳಲ್ಲಿ. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಅಂದು ಅಲ್ಲೇ ಪೈಪನ್ನು ಅಳತೆಗೆ ಕತ್ತರಿಸಿ ಕೂರಿಸಿದ್ದು ಕಿಡಿಯಕ್ಕ. ಒಂದು ಬ್ಲೇಡು, ಒಂದು ಕ್ಲಿಪ್ಪು, ಅಷ್ಟೇ ಕೆಲಸ. ಮೈದುನನಿಗೆ ಕೆಲಸ ಮರಳಿ ಸಿಕ್ಕಿತು. ನಾಳೆಯಿಂದ ಬಾ ಎಂದು ಮಾಲೀಕರು ಅವನ ಮುಖ ನೋಡದೆ ಹೇಳಿದರು. ಕಾಲು ಮುರಿದವರ ಚಿಕಿತ್ಸೆಯ ಭಾರ ಕಂಪನಿಯೇ ಹೊರಬೇಕೆಂದು ಡ್ರೈವರುಗಳು ಈಗ ಒಟ್ಟಾಗಿ ಹಟ ಹಿಡಿದಿದ್ದಾರೆ, ಅದಿನ್ನೂ ಜಗ್ಗಾಟದಲ್ಲಿದೆ. ಫೋರ್‌ಮನ್ ಮಾತ್ರ ಇವತ್ತಿನವರೆಗೂ ಆ ಒಂದು ಮಾತು ಆಡಿಲ್ಲ. ಎದುರಾದರೆ ಆಚೆ ಮುಖ ಮಾಡಿ ಹೋಗುತ್ತಾನಂತೆ.

ಅತ್ತಿಗೆಯ ಮೇಲೆ ಕೋಪ ಇಳಿಯಿತೇ ಎಂದು ಕೇಳಿದರೆ ಮೈದುನ ಕತ್ತು ತುರಿಸಿಕೊಳ್ಳುತ್ತಾನೆ. "ಬೈದಾಗ ನೋವಾಗಿತ್ತು. ಆದ್ರೆ ತಪ್ಪಾಯ್ತು ಅನ್ನೋದನ್ನೂ ಅಷ್ಟೇ ಜೋರಾಗಿ ಅಂದ್ರಲ್ಲ. ಹಾಗೆ ಅನ್ನೋರನ್ನ ನಾನು ಬೇರೆ ಯಾರನ್ನೂ ನೋಡಿಲ್ಲ."

ಬಿಸಿಲೇರಿದೆ. ಕಾರ್ಖಾನೆಗೆ ಜನರನ್ನು ಇಳಿಸಿ, ಅದೇ ವ್ಯಾನನ್ನು ಅವನು ಶೆಡ್ಡಿನ ಮುಂದೆ ತಂದು ನಿಲ್ಲಿಸುತ್ತಾನೆ. ಇಳಿದು ಬಂದು, ಬೇರೆ ಗಿರಾಕಿಯ ಕೆಲಸ ಮುಗಿಯುವವರೆಗೆ ಬದಿಯಲ್ಲಿ ಕಾಯುತ್ತಾನೆ. ಆಮೇಲೆ ಮೆಲ್ಲಗೆ ಹೇಳುತ್ತಾನೆ: "ಅತ್ತಿಗೆ, ಬ್ರೇಕ್ ಲೈಟು ಒಂದೊಂದ್ಸಲ ಹತ್ತಲ್ಲ. ಸುಳ್ಳಲ್ಲ ಅತ್ತಿಗೆ. ಈಗ ನೋಡಿದ್ರೆ ಹತ್ತಬಹುದು. ಆದ್ರೆ ಸುಳ್ಳಲ್ಲ, ಬೇಕಾದ್ರೆ ಕೆಲಸಗಾರರನ್ನ ಕೇಳಿ."

ಕಿಡಿಯಕ್ಕನ ಮುಖ ಕೆಂಪಾಗುತ್ತದೆ. ಸ್ಪ್ಯಾನರನ್ನು ಹಲಗೆಯ ಮೇಲೆ ಕುಕ್ಕಿ, ಹೋಗಿ ವ್ಯಾನಿನ ಪಕ್ಕದ ಸೀಟಿನಲ್ಲಿ ಕೂರುತ್ತಾರೆ. "ನಡಿ. ಎಲ್ಲಿ ಹತ್ತಲ್ವೋ ಅಲ್ಲೀವರ್ಗೂ ಓಡ್ಸು." ಅವನು ಕೀ ತರಲು ತಿರುಗಿದಾಗ ಕಿಟಕಿಯಿಂದ ತಲೆ ಹೊರಹಾಕಿ, ಅವನಿಗೆ ಕೇಳದ ಹಾಗೆ, ಹಲ್ಲು ಕಚ್ಚಿಕೊಂಡು ನನಗೆ ಹೇಳುತ್ತಾರೆ:

"ಕೇಳಿದ್ರಾ? ಈಗ ಏನು ಹೇಳೋಕೆ ಬಂದ್ರೂ ಹಾಗೇ. ಹಸಿವಾಗಿದೆ ಅತ್ತಿಗೆ, ಸುಳ್ಳಲ್ಲ ಅಂತಾನೆ. ತಲೆ ನೋಯ್ತಿದೆ, ಸುಳ್ಳಲ್ಲ ಅಂತಾನೆ. ಆ ಮಾತನ್ನ ಅವನ ಬಾಯಿಗೆ ತುರುಕಿದ್ದು ನಾವು. ನಂಗೆ ದೊಡ್ಡ ಆಸೆ ಯಾವ್ದೂ ಇಲ್ಲ. ಒಂದಿನ ಇವನು ಬಂದು, ಲೈಟ್ ಹತ್ತಲ್ಲ ಅಂತ ಅಷ್ಟೇ ಹೇಳಿ ಸುಮ್ನಾಗ್ಬೇಕು."